ಹೋರಿಗಳನ್ನು ನೊಗಕ್ಕೆ ಹೂಡುವ ವಯಸ್ಸು

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಎತ್ತು ಸಾಕುವ ಅನೇಕ ರೈತರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೊಟ್ಟಿಗೆಯ ಹೋರಿಗಳು ಎತ್ತರಕ್ಕೆ ಬೆಳೆದಿವೆ, ಮೈ ತುಂಬಿದೆ. ಹಳೆಯ ಎತ್ತುಗಳಲ್ಲಿ ಒಂದು ಸೋತಿದೆ, ಇಲ್ಲವೆ ಮಾರಿಯಾಗಿದೆ. ಈ ವರ್ಷವೇ ಹೋರಿಗಳನ್ನು ನೇಗಿಲಿಗೆ ಕಟ್ಟಿದರೆ ಬಾಡಿಗೆ ಎತ್ತಿನ ಅಥವಾ ಟ್ರ್ಯಾಕ್ಟರಿನ ಖರ್ಚು ಉಳಿಯುತ್ತದೆ. ಆದರೆ ಒಂದು ಹಂಗಾಮಿನ ಉಳಿತಾಯಕ್ಕಾಗಿ, ಹತ್ತು ವರ್ಷ ದುಡಿಯಬೇಕಾದ ಜೊತೆಯನ್ನು ಎಳೆಯ ವಯಸ್ಸಿನಲ್ಲೇ ಕೆಡಿಸಿಕೊಂಡಂತೆ ಆಗಬಾರದು. ನೊಗಕ್ಕೆ ಹೂಡುವ ಕಾಲವನ್ನು ಹೋರಿಯ ಎತ್ತರ ನೋಡಿ ನಿರ್ಧರಿಸದೆ, ಬಾಯಿ ನೋಡಿ ನಿರ್ಧರಿಸುವುದು ಕ್ಷೇಮ.

ಎತ್ತರ ಏಕೆ ಮೋಸ ಮಾಡುತ್ತದೆ?

ಎಳೆಯ ಪ್ರಾಣಿಯ ಕಾಲಿನ ಎಲುಬುಗಳ ತುದಿಯಲ್ಲಿ ಮೆದು ಎಲುಬಿನ ಒಂದು ಪದರವಿರುತ್ತದೆ. ಎಲುಬು ಉದ್ದವಾಗುವುದು ಈ ಪದರದಿಂದಲೇ. ಬೆಳವಣಿಗೆ ಮುಗಿದ ಮೇಲೆ ಇದು ಗಟ್ಟಿಯಾಗಿ ಎಲುಬಿನಲ್ಲಿ ಬೆಸೆದುಹೋಗುತ್ತದೆ. ಎಲ್ಲ ಎಲುಬುಗಳಲ್ಲಿಯೂ ಈ ಬೆಸುಗೆ ಒಂದೇ ಸಲಕ್ಕೆ ಆಗುವುದಿಲ್ಲ. ದನಗಳಲ್ಲಿ ಗೊರಸಿನ ಹತ್ತಿರದ ಎಲುಬುಗಳು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಬಲಿಯುತ್ತವೆ. ಮುಂಗಾಲಿನ ಮಂಡಿಯ ಮೇಲ್ಭಾಗ, ಭುಜದ ಕೀಲು, ಹಿಂಗಾಲಿನ ತೊಡೆಯ ಕೀಲುಗಳು ಬಲಿಯಲು ಮೂರೂವರೆಯಿಂದ ನಾಲ್ಕು ವರ್ಷ ಬೇಕು. ಬೆನ್ನುಮೂಳೆಯ ಮಣಿಗಳಂತೂ ಅದಕ್ಕಿಂತ ಬಹಳ ತಡ. ಅಂದರೆ ಎರಡು ವರ್ಷದ ಹೋರಿಯ ಕಾಲು ಕೆಳಗೆ ಗಟ್ಟಿಯಾಗಿ ಕಂಡರೂ, ನೊಗದ ಭಾರ ಬಂದು ಬೀಳುವ ಭುಜ ಮತ್ತು ಬೆನ್ನು ಇನ್ನೂ ಹಸಿಯಾಗಿಯೇ ಇರುತ್ತವೆ. ಕುದುರೆ ಮರಿಯ ಬೆನ್ನಿಗೆ ಜೀನು ಹಾಕಲು ಅವಸರಪಡಬಾರದೆಂದು ಹೇಳುವುದಕ್ಕೂ ಇದೇ ಕಾರಣ. ಕುದುರೆ ಸವಾರನನ್ನು ಬೆನ್ನ ಮೇಲೆ ಹೊರುತ್ತದೆ, ಎತ್ತು ಕುತ್ತಿಗೆಯಿಂದ ಎಳೆಯುತ್ತದೆ, ಅಷ್ಟೇ ವ್ಯತ್ಯಾಸ.

ಬೀಜ ಒಡೆಸಿದ ಹೋರಿಯಲ್ಲಿ ಈ ಮೋಸ ಇನ್ನೂ ಹೆಚ್ಚು. ಎಲುಬಿನ ಬೆಸುಗೆಯನ್ನು ಮುಗಿಸುವುದರಲ್ಲಿ ಬೀಜದ ಸ್ರಾವಕ್ಕೆ ಪಾಲಿದೆ. ತೀರ ಎಳೆಯದರಲ್ಲಿ ಬೀಜ ಒಡೆಸಿದ ಕರುವಿನ ಎಲುಬಿನ ತುದಿ ಹೆಚ್ಚು ಕಾಲ ತೆರೆದಿದ್ದು, ಕಾಲು ಉದ್ದವಾಗಿ ಬೆಳೆಯುತ್ತದೆ. ಪ್ರಾಣಿ ತನ್ನ ಜೊತೆಯವಕ್ಕಿಂತ ಎತ್ತರವಾಗಿ ಕಾಣುತ್ತದೆ, ಆದರೆ ಅವಕ್ಕಿಂತ ತಡವಾಗಿ ಬಲಿಯುತ್ತದೆ. ಕುತ್ತಿಗೆ ಮತ್ತು ಹಿಣಿಲು ಕೂಡ ತುಂಬುವುದಿಲ್ಲ. ಹಲ್ಲು ಬೀಳುವವರೆಗೆ ಕಾದು ಬೀಜ ಒಡೆಸುವ ಹಳ್ಳಿಯ ರೂಢಿಯಲ್ಲಿ ಹುರುಳಿದೆ. ಆದರೆ ಕಲ್ಲು, ಕೋಲುಗಳಿಂದ ಜಜ್ಜುವ ಪದ್ಧತಿಯನ್ನು ಮಾತ್ರ ಬಿಡಲೇಬೇಕು. ಪಶುವೈದ್ಯರಿಂದ ಅರಿವಳಿಕೆ ಕೊಡಿಸಿ, ಬರ್ಡಿಜೋ ಇಕ್ಕಳದಿಂದ ಮಾಡಿಸಿದರೆ ಗಾಯವಾಗದು. ಬಾವು ಪೂರ್ತಿ ಇಳಿದು ಒಂದು ತಿಂಗಳಾದರೂ ಕಳೆಯುವವರೆಗೆ ಹೋರಿಗೆ ನೊಗ ತೋರಿಸಬಾರದು.

ಹಲ್ಲಿನ ಲೆಕ್ಕ

ದನಗಳಿಗೆ ಮೇಲ್ದವಡೆಯಲ್ಲಿ ಮುಂಹಲ್ಲುಗಳಿಲ್ಲ. ಕೆಳದವಡೆಯ ಎಂಟು ಹಲ್ಲುಗಳನ್ನು ನೋಡಿದರೆ ಸಾಕು. ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಹೊಸ ಹಲ್ಲು ಬರುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲಾಗುವುದು ಮೂರು ವರ್ಷದ ಆಸುಪಾಸಿನಲ್ಲಿ, ಆರು ಹಲ್ಲು ಮೂರೂವರೆಯಿಂದ ನಾಲ್ಕಕ್ಕೆ. ಎಂಟೂ ಬಂದು ಬಾಯಿಗೂಡುವುದು ನಾಲ್ಕೂವರೆಯಿಂದ ಐದು ವರ್ಷಕ್ಕೆ. ಮೇವು ಮತ್ತು ತಳಿಗೆ ತಕ್ಕಂತೆ ಇದರಲ್ಲಿ ಆರು ತಿಂಗಳ ಹೆಚ್ಚುಕಡಿಮೆ ಉಂಟು. ಹುಟ್ಟಿದ ದಿನ ಬರೆದಿಟ್ಟುಕೊಂಡ ರೈತನಿಗೆ ಇದು ಬೇಕಿಲ್ಲ, ಆದರೆ ಜಾತ್ರೆಯಲ್ಲಿ ಕೊಳ್ಳುವವನಿಗೆ ಹಲ್ಲೇ ಸಾಕ್ಷಿ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯ ದನಗಳ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಗಳ ಮೈಗೆ ಎಣ್ಣೆ ಸವರಿ, ಕೊಂಬು ಹೆರೆದು ನಿಲ್ಲಿಸಿದಾಗ ಹಾಲುಹಲ್ಲಿನ ಹೋರಿಯೂ ದುಡಿಯುವ ಎತ್ತಿನಂತೆ ಕಾಣುವುದು ಸಹಜ. ಮಾರುವವರ ಮಾತಿಗಿಂತ ತುಟಿ ಬಿಡಿಸಿ ನೋಡುವುದು ಮೇಲು.

ಈ ಲೆಕ್ಕದ ಮೇಲೆ ಹೇಳುವುದಾದರೆ, ಎರಡು ಹಲ್ಲಿನಲ್ಲಿ ಪಾಠ ಮಾತ್ರ, ನಾಲ್ಕು ಹಲ್ಲಿನಲ್ಲಿ ಹಗುರ ಕೆಲಸ, ಆರು ಹಲ್ಲಾದ ಮೇಲೆ ನೇಗಿಲು ಮತ್ತು ಗಾಡಿ. ಅಮೃತಮಹಲ್ ತಳಿಯನ್ನು ಸೈನ್ಯದ ಸಾಗಾಣಿಕೆಗೆಂದು ಬೆಳೆಸಿದ ಕಾಲದಲ್ಲಿ ಇದಕ್ಕಿಂತಲೂ ಹೆಚ್ಚು ತಾಳ್ಮೆಯಿತ್ತು. ಆ ಎತ್ತುಗಳಿಗೆ ಪೂರ್ಣ ಶಕ್ತಿ ಬರುವುದು ಏಳನೆಯ ವರ್ಷಕ್ಕೆ ಎಂದೂ, ಅವು ಹದಿನಾಲ್ಕು, ಹದಿನೈದು ವರ್ಷದವರೆಗೆ ದುಡಿಯುತ್ತವೆ ಎಂದೂ ಹಳೆಯ ವಿವರಣೆಗಳಲ್ಲಿದೆ. ತೋಪು ಎಳೆದ ತಳಿಗೇ ಇಷ್ಟು ಕಾಲ ಕೊಟ್ಟಿದ್ದರೆಂಬುದನ್ನು ಅವಸರದ ರೈತರು ಗಮನಿಸಬೇಕು.

ಪಾಠ ಕಲಿಸುವುದು

ಕಾಯಬೇಕೆಂದರೆ ಹೋರಿಯನ್ನು ಗೂಟಕ್ಕೆ ಕಟ್ಟಿ ಸುಮ್ಮನಿರಬೇಕೆಂದು ಅರ್ಥವಲ್ಲ. ಮೂರು ವರ್ಷ ಸುಮ್ಮನೆ ಬೆಳೆದ ಹೋರಿಯನ್ನು ಒಮ್ಮೆಲೇ ಹೂಡಹೊರಟರೆ ಅದು ಬೆದರಿ ನೊಗ ಮುರಿಯುತ್ತದೆ. ಮೂಗುದಾರ ಹಾಕಿದ ಮೇಲೆ, ಮೂಗಿನ ಗಾಯ ಮಾಯ್ದ ನಂತರ, ದಿನವೂ ಕೆರೆಗೆ, ಹೊಲಕ್ಕೆ ಹಿಡಿದು ನಡೆಸಬೇಕು. ಮೈ ತಿಕ್ಕುವುದು, ಕಾಲು ಎತ್ತಿ ಗೊರಸು ನೋಡುವುದು, ಕುತ್ತಿಗೆಯ ಮೇಲೆ ಕೈಯಿಡುವುದು ರೂಢಿಯಾಗಬೇಕು. ಎರಡು ಹಲ್ಲಾದ ಮೇಲೆ ಬರಿಯ ನೊಗವನ್ನು ಹೆಗಲಿಗಿಟ್ಟು ಕಾಲು ಗಂಟೆ ನಡೆಸಿ ಬಿಚ್ಚುವುದರಿಂದ ಆರಂಭಿಸಬಹುದು. ನಿಲ್ಲು, ನಡೆ, ತಿರುಗು ಎಂಬ ಮೂರು ಮಾತುಗಳನ್ನು ಮನೆಯಲ್ಲಿ ಎಲ್ಲರೂ ಒಂದೇ ರೀತಿ ಹೇಳಬೇಕು. ಅಪ್ಪ ಒಂದು ಕೂಗು, ಮಗ ಒಂದು ಕೂಗು ಹಾಕಿದರೆ ಹೋರಿ ಯಾರ ಮಾತು ಕೇಳಬೇಕು?

ಅನಂತರ ಹಗುರವಾದ ಮರದ ದಿಮ್ಮಿಯನ್ನು ಉತ್ತ ಮೆತ್ತನೆಯ ನೆಲದಲ್ಲಿ ಎಳೆಸಬೇಕು. ಕಲ್ಲುನೆಲ, ಡಾಂಬರು ರಸ್ತೆ ಬೇಡ. ಪಳಗಿದ, ಶಾಂತ ಸ್ವಭಾವದ ಹಳೆಯ ಎತ್ತಿನ ಜೊತೆ ಹೂಡಿದರೆ ಅರ್ಧ ಪಾಠವನ್ನು ಅದೇ ಕಲಿಸುತ್ತದೆ. ಆದರೆ ಎರಡರ ಎತ್ತರದಲ್ಲಿ ಹೆಚ್ಚು ಅಂತರವಿದ್ದರೆ ನೊಗ ಓರೆಯಾಗಿ ಕುತ್ತಿಗೆ ಉಜ್ಜುತ್ತದೆ. ನೇಗಿಲಿನ ಈಸನ್ನು ನೊಗದ ಸರಿಮಧ್ಯಕ್ಕೆ ಕಟ್ಟದೆ, ನಾಲ್ಕು ಬೆರಳು ಹಳೆಯ ಎತ್ತಿನ ಕಡೆಗೆ ಸರಿಸಿ ಕಟ್ಟಿದರೆ ಹೆಚ್ಚಿನ ಎಳೆತ ಅದರ ಪಾಲಿಗೆ ಹೋಗಿ ಎಳೆಯದರ ಹೊರೆ ತಗ್ಗುತ್ತದೆ. ಬಿಡಿಕಾಸಿನ ಖರ್ಚೂ ಇಲ್ಲದ ಉಪಾಯವಿದು.

ಹೋರಿ ಸಾಕಾಗಿ ನಿಲ್ಲುವ ಮೊದಲೇ ಕೆಲಸ ನಿಲ್ಲಿಸಬೇಕು. ಎಳೆಯಲಾರದೆ ನಿಂತು, ಹೊಡೆತ ತಿಂದು, ಕೊನೆಗೆ ಮಲಗಿದ ಮೇಲೆ ಬಿಚ್ಚಿದರೆ, ಮಲಗಿದರೆ ನೊಗ ಬಿಚ್ಚುತ್ತಾರೆಂಬ ಪಾಠವನ್ನೇ ಅದು ಕಲಿಯುತ್ತದೆ. ಈ ಚಟ ಹತ್ತಿದ ಎತ್ತನ್ನು ತಿದ್ದುವುದು ಬಹಳ ಕಷ್ಟ. ಜಾತ್ರೆಯಲ್ಲಿ ಅದಕ್ಕೆ ಬೆಲೆಯೂ ಬಾರದು.

ಎಷ್ಟು ಕೆಲಸ?

ಎತ್ತು ಗಂಟೆಗಟ್ಟಲೆ ನಿರಂತರವಾಗಿ ಎಳೆಯಬಲ್ಲುದು ತನ್ನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು. ೩೦೦ ಕಿಲೋ ತೂಗುವ ಎತ್ತಿಗೆ ಸುಮಾರು ೩೦ ಕಿಲೋ ಎಳೆತ ಸಾಧಾರಣ. ೨೦೦ ಕಿಲೋ ತೂಗುವ ಹೋರಿಗೆ ಅದು ೨೦ ಕಿಲೋ ಮಾತ್ರ, ಎಲುಬು ಬಲಿತಿಲ್ಲವಾದ್ದರಿಂದ ಅಷ್ಟೂ ಹಾಕುವಂತಿಲ್ಲ. ಆದುದರಿಂದ ನಾಲ್ಕು ಹಲ್ಲಿನ ವರ್ಷದಲ್ಲಿ ರಾಗಿ ಪೈರಿನಲ್ಲಿ ಕುಂಟೆ ಹೊಡೆಯುವಂಥ ಹಗುರ ಕೆಲಸವೇ ತಕ್ಕದ್ದು. ಈಗ ಬಹಳ ಕಡೆ ಮೊದಲ ಉಳುಮೆಯನ್ನು ಟ್ರ್ಯಾಕ್ಟರಿನಿಂದ ಮಾಡಿಸುವ ಕಾರಣ ಹೋರಿಗಳಿಗೆ ಈ ಒಂದು ವರ್ಷದ ರಿಯಾಯಿತಿ ಕೊಡುವುದು ಹಿಂದಿಗಿಂತ ಸುಲಭ. ತಂಪು ಹೊತ್ತಿನಲ್ಲಿ ಒಂದು ಗಂಟೆಯಿಂದ ಆರಂಭಿಸಿ, ಹಂಗಾಮಿನ ಕೊನೆಗೆ ಮೂರು ಗಂಟೆಗೆ ಮುಟ್ಟಿಸಿದರೆ ಸಾಕು. ೧೯೬೫ರ ಪ್ರಾಣಿಹಿಂಸೆ ತಡೆ ನಿಯಮಗಳ ಪ್ರಕಾರ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು ೯ ಗಂಟೆಗಿಂತ ಹೆಚ್ಚಾಗಿ, ವಿರಾಮವಿಲ್ಲದೆ ೫ ಗಂಟೆಗಿಂತ ಹೆಚ್ಚಾಗಿ, ಮತ್ತು ಶಾಖ ೩೭ ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ ೧೨ರಿಂದ ೩ರವರೆಗೆ ದುಡಿಸುವಂತಿಲ್ಲ. ಎಳೆಯ ಹೋರಿಗೆ ಇದನ್ನು ಅಳತೆಯಾಗಿ ಹಿಡಿಯಲಾಗದು.

ಗಾಡಿ ಎಲ್ಲಕ್ಕಿಂತ ಕೊನೆಯ ಪಾಠ. ಎರಡು ಚಕ್ರದ ಗಾಡಿಯಲ್ಲಿ ಮುಂಭಾರವಾದರೆ ಸರಕಿನ ತೂಕ ನೇರವಾಗಿ ಕುತ್ತಿಗೆಯ ಮೇಲೆ ಕೂರುತ್ತದೆ. ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ತಳ್ಳುವುದನ್ನು ತಡೆಯಬೇಕಾದ್ದೂ ಅದೇ ಕುತ್ತಿಗೆ. ಮೊದಲ ತಿಂಗಳು ಖಾಲಿ ಗಾಡಿ, ಅನಂತರ ಹುಲ್ಲು, ಸೊಪ್ಪಿನಂಥ ಹಗುರ ಹೊರೆ ಹೇರಬೇಕು. ಮರಳು, ಕಲ್ಲು, ಕಬ್ಬು ಬಾಯಿಗೂಡಿದ ಮೇಲೆಯೇ.

ಕೆಲಸ ಬಿಟ್ಟ ಕೂಡಲೇ ನೊಗ ತಾಗಿದ ಜಾಗವನ್ನು ಅಂಗೈಯಿಂದ ಒತ್ತಿ ನೋಡಬೇಕು. ಬಿಸಿ, ಊತ, ಕೂದಲು ಉದುರಿದ ಗುರುತು ಕಂಡರೆ ವಾಸಿಯಾಗುವವರೆಗೆ ಹೂಡಬಾರದು. ನೊಗದ ಒಳಮೈ ನುಣುಪಾಗಿ, ಕುತ್ತಿಗೆಗೆ ಒಪ್ಪುವಂತೆ ಅಗಲವಾಗಿರಬೇಕು. ಗೊರಸಿನ ಮೇಲಿನ ಕೀಲು ಮುಂದಕ್ಕೆ ಬಾಗುವುದು, ಮಂಡಿ ಊದುವುದು, ಬೆಳಿಗ್ಗೆ ಏಳುವಾಗ ಬಿಗಿಯಾಗಿ ಹೆಜ್ಜೆ ಇಡುವುದು ಅತಿಭಾರದ ಲಕ್ಷಣಗಳು. ಇವು ಕಂಡರೆ ಪಶುವೈದ್ಯರಿಗೆ ತೋರಿಸಿ, ಆ ಹಂಗಾಮಿನ ಉಳಿದ ಕೆಲಸವನ್ನು ಬೇರೆ ಎತ್ತುಗಳಿಂದ ಮಾಡಿಸಿಕೊಳ್ಳಬೇಕು. ಹೋರಿ ಬೆಳೆಯುವ ಈ ವರ್ಷಗಳಲ್ಲಿ ಬರಿಯ ಭತ್ತದ ಹುಲ್ಲು ಸಾಲದು. ಸುಣ್ಣದಂಶ ಹೆಚ್ಚಿರುವ ರಾಗಿ ಹುಲ್ಲು, ಬೇಯಿಸಿದ ಹುರುಳಿ ಅಥವಾ ಶೇಂಗಾ ಹಿಂಡಿ, ಹಸಿರು ಮೇವು ಮತ್ತು ದಿನವೂ ಲವಣ ಮಿಶ್ರಣ ಕೊಡಬೇಕು. ರಸ್ತೆಯ ಮೇಲೆ ನಡೆಸುವುದಿದ್ದರೆ ಮಾತ್ರ ಲಾಳ ಕಟ್ಟಿಸಬೇಕು. ಹೊಲದಲ್ಲೇ ಓಡಾಡುವ ಹೋರಿಗೆ ಅದರ ಅಗತ್ಯವಿಲ್ಲ.