ಹೆಕ್ಟೇರ್, ಆರ್, ಗುಂಟೆ: ಬಿಂದು ಜರುಗಿದರೆ ಹೊಲವೇ ಜರುಗೀತು

ಕೆ.ಆರ್. ಪುರದಿಂದ ಮೂಡಲಿಗೆ ರಾಗಿ ಹೊಲಗಳು ಒಂದೊಂದಾಗಿ ಲೇಔಟ್ ಆಗ್ತಿವೆ. ಮಾರೋರಿರಲಿ, ಭಾಗ ಮಾಡಿಕೊಳ್ಳೋರಿರಲಿ, ಕೈಗೆ ಬರೋ ಒಂದು ಕಾಗದದಲ್ಲಿ ಎಕರೆ-ಗುಂಟೆ, ಇನ್ನೊಂದರಲ್ಲಿ ಹೆಕ್ಟೇರ್, ನಕ್ಷೆಯಲ್ಲಿ ಚದರ ಮೀಟರ್. ಮೆಟ್ರಿಕ್ ಅಳತೆಗೆ 1956ರಲ್ಲೇ ಕಾಯ್ದೆ ಬಂತು. ಪಹಣಿ ಮಾತ್ರ ಇವತ್ತಿಗೂ ಎಕರೆ-ಗುಂಟೆ ಬಿಟ್ಟಿಲ್ಲ. ಹಾಗಾಗಿ ಎರಡು ಲೆಕ್ಕವೂ ರೈತನಿಗೆ ಬರಲೇಬೇಕು.

ಎರಡು ಮನೆ ಜರುಗಿಸಿ

ಉದ್ದದ ಲೆಕ್ಕ ಬೇರೆ, ವಿಸ್ತೀರ್ಣದ ಲೆಕ್ಕ ಬೇರೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಡಿ ನೂರು ಚದರ ಮೀಟರ್ ಆಗುತ್ತೆ. ಈ ನೂರಕ್ಕೆ ಒಂದು ‘ಆರ್’ ಅಂತ ಹೆಸರು. ನೂರು ಆರ್ ಸೇರಿದರೆ ಒಂದು ಹೆಕ್ಟೇರ್. ನೂರು ಹೆಕ್ಟೇರ್ ಸೇರಿದರೆ ಒಂದು ಚದರ ಕಿಲೋಮೀಟರ್. ಮೆಟ್ಟಿಲಿಗೆ ನೂರರಂತೆ, ಬಿಂದು ಎರಡೆರಡು ಮನೆ ಜರುಗಬೇಕು. 6,070 ಚದರ ಮೀಟರ್ ಅಂದ್ರೆ 60.70 ಆರ್, ಅಂದ್ರೆ 0.6070 ಹೆಕ್ಟೇರ್.

ನಮ್ಮ ಗುಂಟೆ 33 ಅಡಿ ಚೌಕ, ಅಂದರೆ 1,089 ಚದರ ಅಡಿ. ಮೆಟ್ರಿಕ್‌ನಲ್ಲಿ 101.17 ಚದರ ಮೀಟರ್. ಒಂದು ಆರ್‌ಗಿಂತ ಚೂರೇ ಜಾಸ್ತಿ. ಆದ್ದರಿಂದ ಚದರ ಮೀಟರಿನ ಕೊನೆಯ ಎರಡು ಅಂಕೆ ಬಿಟ್ಟರೆ ಗುಂಟೆಯ ಅಂದಾಜು ಬಾಯಲ್ಲೇ ಸಿಗುತ್ತೆ. ರುಜು ಹಾಕೋ ಕಾಗದಕ್ಕೆ ಮಾತ್ರ ಅಂದಾಜು ಸಾಲದು.

ಎಡವೋ ಜಾಗ

ಪಹಣಿಯ 1-20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಇದನ್ನೇ 1.20 ಎಕರೆ ಅಂತ ಬರೆದರೆ ಒಂದು ಎಕರೆ ಎಂಟೇ ಗುಂಟೆ! ನಮ್ಮ ಪಕ್ಕದ ಹೊಲದವರ ಭಾಗಪತ್ರದ ಕರಡಿನಲ್ಲಿ ಹೀಗೇ ಆಗಿತ್ತು. ರುಜುವಿಗೆ ಮುಂಚೆ ಲೆಕ್ಕ ಹಾಕಿದ್ದರಿಂದ ಹನ್ನೆರಡು ಗುಂಟೆ ಉಳೀತು. ಅದು 13,068 ಚದರ ಅಡಿ. ರಸ್ತೆ ಬಿಡದೆ ಲೆಕ್ಕ ಹಾಕಿದರೆ ಮೂವತ್ತು-ನಲವತ್ತರ ಹತ್ತು ಸೈಟಿಗೂ ಮೀರಿದ ನೆಲ.

ಸೈಟಿನಲ್ಲೂ ಹೀಗೇ. 9×12 ಮೀಟರಿನ ಸೈಟನ್ನ ಜನ ‘ಮೂವತ್ತು-ನಲವತ್ತು’ ಅಂತಾರೆ. ಅದು 108 ಚದರ ಮೀಟರ್, ಸುಮಾರು 1,162 ಚದರ ಅಡಿ. 1,200ಕ್ಕೆ 38 ಅಡಿ ಕಮ್ಮಿ.

ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ

* 1 ಚದರ ಮೀಟರ್ = 10.764 ಚದರ ಅಡಿ
* 1 ಎಕರೆ = 40 ಗುಂಟೆ = 4,047 ಚದರ ಮೀಟರ್
* 1 ಹೆಕ್ಟೇರ್ = 10,000 ಚದರ ಮೀಟರ್ = 2.471 ಎಕರೆ (2 ಎಕರೆ 19 ಗುಂಟೆಗೆ ಚೂರು ಕಮ್ಮಿ)
* ಗುಂಟೆಯನ್ನ 40ರಿಂದ ಭಾಗಿಸಿ, ಬಂದದ್ದನ್ನ ಎಕರೆಗೆ ಕೂಡಿಸಿ, 0.4047ರಿಂದ ಗುಣಿಸಿದರೆ ಹೆಕ್ಟೇರ್

ಉಳುಮೆಗೂ ಇದು ಬೇಕು. ಗೊಬ್ಬರದ ಶಿಫಾರಸು ಹೆಕ್ಟೇರಿಗೆ 50 ಕಿಲೋ ಅಂತಿದ್ದರೆ ಎರಡೂವರೆಯಿಂದ ಭಾಗಿಸಿ. ಎಕರೆಗೆ 20 ಕಿಲೋ, ಗುಂಟೆಗೆ ಅರ್ಧ ಕಿಲೋ. ಹೆಕ್ಟೇರಿನದನ್ನ ಎಕರೆಗೇ ಸುರಿದರೆ ಮಳೆ ಕೈಕೊಟ್ಟ ವರ್ಷ ಪೈರೂ ಸುಟ್ಟೀತು, ದುಡ್ಡೂ ಸುಟ್ಟೀತು.