ಸವಾರನ ಗಾಯ ಮತ್ತು ಸಹನೆ

‘ಕುದುರೆ ಕಂಡರೆ ಕಾಲುನೋವು’ ಎಂಬುದು ಕನ್ನಡದ ಹಳೆಯ ಗಾದೆ. ಅದುವರೆಗೆ ಚೆನ್ನಾಗಿ ನಡೆದು ಬಂದವನಿಗೆ ಕುದುರೆಯನ್ನು ಕಂಡ ಕೂಡಲೇ ಕಾಲು ನೋಯತೊಡಗುವುದಂತೆ. ನಿಜವಾಗಿಯೇ ಪೆಟ್ಟು ಬಿದ್ದ ಸವಾರನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಲಾಯದಲ್ಲಿ ತನ್ನ ಕುದುರೆಯ ಮುಖ ಕಂಡೊಡನೆ ಅವನಿಗೆ ಇರುವ ನೋವೂ ಮರೆತುಹೋಗುತ್ತದೆ. ‘ಈಗ ವಾಸಿಯಾಗಿದೆ, ಒಂದು ಸುತ್ತು ಹೋಗಿ ಬಂದರಾಯಿತು’ ಎನ್ನಿಸುತ್ತದೆ. ಅಪಾಯವಿರುವುದು ಅಲ್ಲಿಯೇ.

ಕುದುರೆ ಸವಾರಿ ಇಂದು ಸೈನ್ಯಕ್ಕೂ ಪಂದ್ಯದ ಮೈದಾನಕ್ಕೂ ಮಾತ್ರ ಮೀಸಲಾದ ವಿದ್ಯೆಯಲ್ಲ. ಮುಂಬಯಿ, ಪುಣೆ, ದೆಹಲಿಗಳಂತಹ ನಗರಗಳಲ್ಲಿ ಸವಾರಿ ಕಲಿಸುವ ಶಾಲೆಗಳಿವೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲಿಯೂ ಬೆಳ್ಳಿ ಪದಕ ಪಡೆದುದು ಈ ಕ್ರೀಡೆಯತ್ತ ಅನೇಕರ ಗಮನ ಸೆಳೆಯಿತು. ಆದರೆ ಸುಮಾರು 450ರಿಂದ 500 ಕಿಲೋಗ್ರಾಂ ತೂಗುವ, ಸ್ವಂತ ಬುದ್ಧಿಯುಳ್ಳ ಪ್ರಾಣಿಯ ಬೆನ್ನ ಮೇಲೆ ಕುಳಿತವನು ಒಂದಲ್ಲ ಒಂದು ದಿನ ಬೀಳುವುದು ಅಪರೂಪವಲ್ಲ. ಬಿದ್ದ ಮೇಲೆ ಬರುವ ಬಲವಂತದ ವಿರಾಮವನ್ನು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಹೆಚ್ಚಿನವರು ಕಲಿತಿರುವುದಿಲ್ಲ.

ಎಲುಬು ಕೂಡುವ ಬಗೆ

ಸವಾರರಿಗೆ ಆಗುವ ಗಾಯಗಳಲ್ಲಿ ಕೊರಳೆಲುಬಿನ, ಅಂದರೆ ‘ಕಾಲರ್ ಬೋನ್’ ಎನ್ನಲಾಗುವ ಎಲುಬಿನ ಮುರಿತ ಸಾಮಾನ್ಯವಾದುದು. ಭುಜದ ಮೇಲೆ ಅಥವಾ ಚಾಚಿದ ಕೈಯ ಮೇಲೆ ಬಿದ್ದಾಗ ಆಘಾತವೆಲ್ಲ ಈ ತೆಳ್ಳನೆಯ ಎಲುಬಿಗೆ ಬಂದು ತಾಗುತ್ತದೆ. ಮುರಿದ ಸ್ಥಳದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಮೆತ್ತನೆಯ ಅಂಗಾಂಶವು ತುಂಡುಗಳನ್ನು ಬೆಸೆಯುತ್ತದೆ. ಅನಂತರ ಸುಣ್ಣಾಂಶ ಸೇರಿ ಅದು ಗಟ್ಟಿಯಾಗುತ್ತದೆ. ವಯಸ್ಕರಲ್ಲಿ ಎಲುಬು ಕೂಡಲು ಸಾಮಾನ್ಯವಾಗಿ 6ರಿಂದ 12 ವಾರಗಳು ಬೇಕು. ಮೊದಲಿನ ಬಲ ಬರಲು ಇನ್ನೂ ಕೆಲವು ತಿಂಗಳು. ಮಕ್ಕಳಲ್ಲಿ ಇದು ಬೇಗ ಆಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೆತ್ತನೆಯ ಬೆಸುಗೆಯಾದೊಡನೆ ತುಂಡುಗಳ ಅಲುಗಾಟ ಕಡಿಮೆಯಾಗಿ ನೋವು ಇಳಿಯುತ್ತದೆ. ಎಂದರೆ, ಬಲ ಬರುವುದಕ್ಕೆ ಬಹಳ ಮೊದಲೇ ನೋವು ಹೋಗಿರುತ್ತದೆ. ನೋವು ನಿಂತುದನ್ನೇ ವಾಸಿಯಾದ ಗುರುತೆಂದು ತಿಳಿದು ಜೀನು ಏರಿದವನು ಮತ್ತೊಮ್ಮೆ ಬಿದ್ದರೆ, ಅದೇ ಸ್ಥಳದಲ್ಲಿ ಎಲುಬು ಪುನಃ ಮುರಿಯಬಹುದು. ಆದ್ದರಿಂದ ಸವಾರಿಗೆ ಅನುಮತಿ ಕೊಡಬೇಕಾದವರು ಕ್ಷಕಿರಣ ಚಿತ್ರವನ್ನು ನೋಡಿದ ವೈದ್ಯರು; ಸವಾರನ ಉತ್ಸಾಹವಲ್ಲ.

ಎರಡು ಉದಾಹರಣೆಗಳು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಬಿಲ್ ರಾಯ್‌ಕ್ರಾಫ್ಟ್ ಅಡೆತಡೆಗಳ ಓಟದಲ್ಲಿ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡರು. ಆದರೂ ಆಸ್ಪತ್ರೆಯಿಂದ ಎದ್ದು ಬಂದು, ಮರುದಿನ ಕುದುರೆಯನ್ನು ಜಿಗಿಸಿ, ತಂಡಕ್ಕೆ ಚಿನ್ನದ ಪದಕ ದೊರಕಿಸಿಕೊಟ್ಟರು. ಸವಾರರ ನಡುವೆ ಇಂದಿಗೂ ಈ ಕಥೆಯನ್ನು ಮೆಚ್ಚಿ ಹೇಳುವುದುಂಟು. ಅದು ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಅನುಕರಣೆಗೆ ಮಾತ್ರ ಯೋಗ್ಯವಲ್ಲ.

ಇನ್ನೊಂದು ಕಥೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರದು. ಅವರನ್ನು ಕುದುರೆಯಿಂದ ದೂರ ಮಾಡಿದುದು ಬೀಳುವಿಕೆಯಲ್ಲ, 1944ರಲ್ಲಿ ತಗುಲಿದ ಪೋಲಿಯೋ ರೋಗ. ಮೊಣಕಾಲಿನ ಕೆಳಗೆ ಶಕ್ತಿ ಉಳಿಯಲಿಲ್ಲ. ಅವರು ಹಂತ ಹಂತವಾಗಿ ದೇಹವನ್ನು ಪಳಗಿಸಿಕೊಂಡರು. ಊರುಗೋಲಿನಿಂದ ನಡೆಯಲು ಕಲಿತರು. ಇತರರ ನೆರವಿನಿಂದ ಕುದುರೆಯನ್ನೇರಿ ಸವಾರಿಯನ್ನು ಹೊಸದಾಗಿ ಅಭ್ಯಾಸ ಮಾಡಿದರು. ಎಂಟು ವರ್ಷಗಳ ಮೇಲೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಪುರುಷರೊಡನೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದರು. 1956ರಲ್ಲಿ ಮತ್ತೊಮ್ಮೆ ಗೆದ್ದರು. ಗಾಯಗೊಂಡ ಸವಾರನು ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದುದು ಒಂದು ದಿನದ ಆ ಧೈರ್ಯವನ್ನಲ್ಲ, ಎಂಟು ವರ್ಷಗಳ ಈ ಸಹನೆಯನ್ನು.

ವಿರಾಮವೆಂದರೆ ಮಲಗಿರುವುದಲ್ಲ

ಕೈ ಜೋಲಿಯಲ್ಲಿದೆಯೆಂದು ದೇಹವನ್ನೆಲ್ಲ ಸುಮ್ಮನಿರಿಸುವುದು ತಪ್ಪು. ಬಳಸದ ಸ್ನಾಯುಗಳು ಕೆಲವೇ ವಾರಗಳಲ್ಲಿ ಸೊರಗುತ್ತವೆ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನಗಳಿಂದಲೇ ಮೆಲ್ಲಗೆ ಆಡಿಸಬೇಕು. ಇಲ್ಲವಾದರೆ ಅವು ಬಿಗಿದುಕೊಳ್ಳುತ್ತವೆ. ಭುಜದ ವ್ಯಾಯಾಮವನ್ನು ವೈದ್ಯರು ಹೇಳಿದ ಮೇಲೆಯೇ ಆರಂಭಿಸಬೇಕು. ಕಾಲುಗಳಿಗೆ ಪೆಟ್ಟಾಗಿರದಿದ್ದರೆ ನಡಿಗೆ ಒಳ್ಳೆಯದು. ಸವಾರಿಯಲ್ಲಿ ಸಮತೋಲನವನ್ನು ಕಾಯುವುದು ತೊಡೆ, ಹೊಟ್ಟೆ, ಬೆನ್ನುಗಳ ಸ್ನಾಯುಗಳು. ಇವನ್ನು ನೆಲದ ಮೇಲೆಯೇ ಬಲಪಡಿಸಿಕೊಳ್ಳಬಹುದು.

ಆಹಾರದಲ್ಲಿ ಹಾಲು, ಮೊಸರು, ಬೇಳೆಕಾಳು, ಸೊಪ್ಪು ಇರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹೊರನಾಡಿನಲ್ಲಿದ್ದರೂ ಅದನ್ನು ಮರೆಯಬೇಕಾಗಿಲ್ಲ. ಧೂಮಪಾನ ಎಲುಬು ಕೂಡುವುದನ್ನು ತಡಮಾಡುತ್ತದೆಯಾದ್ದರಿಂದ ಅದನ್ನು ಬಿಡುವುದು ಅವಶ್ಯ.

ತಲೆಗೆ ಪೆಟ್ಟು ಬಿದ್ದಿದ್ದರೆ ವಿಚಾರವೇ ಬೇರೆ. ಎಚ್ಚರ ತಪ್ಪುವುದು, ವಾಂತಿ, ಹೆಚ್ಚುತ್ತಿರುವ ತಲೆನೋವು, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಿದುಳಿಗೆ ಆಘಾತವಾದವರು 21 ದಿನಗಳಿಗೆ ಮೊದಲು ಸ್ಪರ್ಧೆಗೆ ಮರಳಕೂಡದೆಂದು 2023ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಮಾರ್ಗಸೂಚಿ ಹೇಳುತ್ತದೆ. ಬಿದ್ದಾಗ ಪೆಟ್ಟು ತಿಂದ ಶಿರಸ್ತ್ರಾಣ ಹೊರನೋಟಕ್ಕೆ ಚೆನ್ನಾಗಿದ್ದರೂ ಅದನ್ನು ಬದಲಿಸಬೇಕು.

ಲಾಯದ ನಂಟು

ಸವಾರನಿಗೆ ಎಲುಬಿನ ನೋವಿಗಿಂತ ಹೆಚ್ಚಾಗಿ ಬಾಧಿಸುವುದು ಮನಸ್ಸಿನ ಬೇಗುದಿ. ಪ್ರತಿದಿನ ಮುಂಜಾನೆ ಎದ್ದು ಲಾಯಕ್ಕೆ ಹೋಗುತ್ತಿದ್ದವನಿಗೆ ಆ ಹೊತ್ತು ಬರಿದಾಗುತ್ತದೆ. ಮನೆಯ ಹಿರಿಯರು ‘ಇನ್ನು ಕುದುರೆಯ ಮಾತೇ ಬೇಡ’ ಎಂದರೆ ಗಾಯದ ಮೇಲೆ ಬರೆ ಎಳೆದಂತೆ. ಸವಾರಿ ನಿಂತರೂ ಕುದುರೆಯ ನಂಟು ನಿಲ್ಲಬೇಕಾಗಿಲ್ಲ. ನೋವು ಹತೋಟಿಗೆ ಬಂದ ಮೇಲೆ ಲಾಯಕ್ಕೆ ಹೋಗಿಬರಬಹುದು. ಆದರೆ ಕೈ ಜೋಲಿಯಲ್ಲಿರುವಾಗ ಕುದುರೆಯನ್ನು ಹಿಡಿದು ನಡೆಸುವುದಾಗಲಿ, ಇಕ್ಕಟ್ಟಾದ ಕೊಟ್ಟಿಗೆಯೊಳಗೆ ಅದರ ಪಕ್ಕದಲ್ಲಿ ನಿಲ್ಲುವುದಾಗಲಿ ಸಲ್ಲದು. ಅದು ಒಮ್ಮೆ ತಲೆಯೆತ್ತಿ ಜಗ್ಗಿದರೂ ಸಾಕು.

ಕುದುರೆಯ ವ್ಯಾಯಾಮವನ್ನು ನುರಿತ ಬೇರೊಬ್ಬ ಸವಾರರಿಗೆ ಅಥವಾ ಕುದುರೆಯನ್ನು ನೋಡಿಕೊಳ್ಳುವ ಕಾಸ್ತಾರನಿಗೆ ಒಪ್ಪಿಸಬೇಕು. ಕೆಲಸ ಕಡಿಮೆಯಾದಾಗ ಹುರುಳಿ, ಓಟ್ಸ್ ಮುಂತಾದ ಧಾನ್ಯವನ್ನೂ ಪಶುವೈದ್ಯರ ಸಲಹೆಯಂತೆ ಇಳಿಸಬೇಕು. ದುಡಿಮೆಯಿಲ್ಲದೆ ತುಂಬ ಧಾನ್ಯ ತಿಂದ ಕುದುರೆ ಕೊಬ್ಬಿ ಕುಣಿಯುವುದಲ್ಲದೆ, ಮತ್ತೆ ದುಡಿಸಿದಾಗ ಅದರ ಸ್ನಾಯುಗಳು ಸೆಟೆದುಕೊಳ್ಳುವ ಭಯವೂ ಉಂಟು. ಅನ್ಯರ ಸವಾರಿಯನ್ನು ಬೇಲಿಯಾಚೆಯಿಂದ ನೋಡುವುದು ಸಹ ಶಿಕ್ಷಣವೇ. ಜೀನಿನ ಮೇಲೆ ಕುಳಿತಾಗ ಕಾಣದ ತಪ್ಪುಗಳು ನೆಲದ ಮೇಲೆ ನಿಂತಾಗ ಕಾಣುತ್ತವೆ.

ಮರಳಿ ಜೀನಿನ ಮೇಲೆ

ಅನುಮತಿ ದೊರೆತ ದಿನ ಅನೇಕರಿಗೆ ಸಂತೋಷದೊಡನೆ ಅಂಜಿಕೆಯೂ ಆಗುತ್ತದೆ. ಇದು ಹೇಡಿತನವಲ್ಲ, ದೇಹ ತನ್ನ ಪೆಟ್ಟನ್ನು ನೆನಪಿಟ್ಟುಕೊಂಡಿರುವ ಬಗೆ. ಅದನ್ನು ಮುಚ್ಚಿಟ್ಟರೂ ಕುದುರೆಗೆ ತಿಳಿದೇ ತಿಳಿಯುತ್ತದೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ, ಕುದುರೆ ಹಾದುಹೋಗುವಾಗ ಕೊಡೆಯೊಂದನ್ನು ಬಿಚ್ಚಲಾಗುವುದೆಂದು ಸವಾರರಿಗೆ ಮುಂಚಿತವಾಗಿ ತಿಳಿಸಲಾಗಿತ್ತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತದೊಡನೆ ಏನೂ ಅರಿಯದ ಕುದುರೆಗಳ ಎದೆಬಡಿತವೂ ಏರಿತು. ಆದುದರಿಂದ ಮೊದಲ ದಿನ ಸಾಧುವಾದ ಕುದುರೆ, ಬೇಲಿಯುಳ್ಳ ಅಂಗಳ, ಜೊತೆಗೆ ಹಗ್ಗ ಹಿಡಿಯುವ ಒಬ್ಬರು, ಹತ್ತು ನಿಮಿಷಗಳ ನಡಿಗೆ, ಇಷ್ಟೇ ಸಾಕು. ನಡಿಗೆಯಲ್ಲಿ ಮನಸ್ಸು ತಿಳಿಯಾದ ಮೇಲೆ ಕುಕ್ಕುಲೋಟ, ಅದು ಹದಗೊಂಡ ಮೇಲೆ ನಾಗಾಲೋಟ. ಜಿಗಿತಕ್ಕೆ ಅವಸರವಿಲ್ಲ.

ಕೆಲವರಿಗೆ ವೈದ್ಯರು ಮರಳಿ ಸವಾರಿ ಬೇಡವೆಂದೇ ಹೇಳಬಹುದು. ಆ ದುಃಖ ಸಣ್ಣದಲ್ಲ. ಅದನ್ನು ಹಗುರವಾಗಿ ಕಾಣಕೂಡದು. ಆದರೂ ಕುದುರೆಯನ್ನು ನೆಲದಿಂದಲೇ ಪಳಗಿಸುವುದು, ಮಕ್ಕಳಿಗೆ ಕಲಿಸುವುದು, ಸ್ಪರ್ಧೆಗಳಲ್ಲಿ ತೀರ್ಪುಗಾರರಾಗುವುದು, ಇವೆಲ್ಲವೂ ಅದೇ ವಿದ್ಯೆಯ ಬಾಗಿಲುಗಳು. ಅಂಗವೈಕಲ್ಯವುಳ್ಳ ಸವಾರರ ಸ್ಪರ್ಧೆಗಳು 1996ರ ಅಟ್ಲಾಂಟಾ ಕೂಟದಿಂದ ಪ್ಯಾರಾಲಿಂಪಿಕ್ಸ್‌ನಲ್ಲಿಯೂ ನಡೆಯುತ್ತಿವೆ.

ತಾಳಿದವನು ಬಾಳಿಯಾನು ಎಂಬ ಮಾತು ಸವಾರನಿಗೂ ಸಲ್ಲುತ್ತದೆ. ಲಗಾಮನ್ನು ಎಷ್ಟು ಬಿಗಿಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕೆಂಬುದನ್ನು ಅರಿತವನೇ ಒಳ್ಳೆಯ ಸವಾರ. ಗಾಯಗೊಂಡ ದಿನಗಳಲ್ಲಿ ಆ ಲಗಾಮನ್ನು ಅವನು ತನ್ನ ಆತುರಕ್ಕೆ ಹಾಕಬೇಕಾಗುತ್ತದೆ. ಅದನ್ನು ಕಲಿತವನು ಮೊದಲಿಗಿಂತ ಉತ್ತಮ ಸವಾರನಾಗಿ ಕುದುರೆಯ ಬಳಿಗೆ ಮರಳಬಲ್ಲನು.