ಮನೆಯ ಇಂಟರ್‌ನೆಟ್ ಪದೇ ಪದೇ ಕಡಿಯುವುದೇಕೆ?



ಪಹಣಿ, ಬೆಳೆ ವಿಮೆಯ ಅರ್ಜಿ, ಮಾರುಕಟ್ಟೆಯ ಧಾರಣೆ, ಮಕ್ಕಳ ಪಾಠ ಇವುಗಳಿಗೆಲ್ಲ ಈಗ ಇಂಟರ್‌ನೆಟ್ ಬೇಕಾಗಿರುವುದು ತಮಗೆ ತಿಳಿದೇ ಇದೆ. ವಿಮೆಯ ಕಂತು ಕಟ್ಟಲು ಕಡೆಯ ದಿನ ಸಂಜೆ ಕುಳಿತಾಗ ಅರ್ಧದಲ್ಲೇ ಸಂಪರ್ಕ ಕಡಿದರೆ ಆ ಹಂಗಾಮಿನ ರಕ್ಷಣೆಯೇ ಕೈತಪ್ಪಬಹುದು. ಪೂರ್ತಿ ನಿಂತುಹೋದ ಸಂಪರ್ಕಕ್ಕಿಂತ ಹೋಗಿ ಬಂದು ಮಾಡುವ ಸಂಪರ್ಕದ ಕಾಟವೇ ಹೆಚ್ಚು. ರಿಪೇರಿಯವರು ಬಂದಾಗ ಅದು ಸರಿಯಾಗಿಯೇ ಇರುತ್ತದೆ; ಅವರು ಬೀದಿಯ ತಿರುವು ದಾಟಿದೊಡನೆ ಮತ್ತೆ ಕಡಿಯುತ್ತದೆ!

ಗದ್ದೆಗೆ ನೀರು ಬಾರದಿದ್ದರೆ ತಾವು ಮೊದಲು ತೂಬಿನ ಬಳಿ ಹೋಗಿ ನೋಡುತ್ತೀರಿ, ಬಳಿಕ ಕಾಲುವೆಯ ಗುಂಟ ನಡೆದು ಬರುತ್ತೀರಿ. ಇಲ್ಲಿಯೂ ಹಾಗೆಯೇ ಮಾಡಬೇಕು. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ತಂತಿ, ಅಂದರೆ ಫೈಬರ್, ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಈಗ ಅನೇಕ ಹಳ್ಳಿಗಳ ಮನೆಗಳಿಗೂ ಫೈಬರ್ ಬಂದಿದೆ. ಈ ತಂತಿಯಲ್ಲಿ ಬೆಳಕಿನ ರೂಪದಲ್ಲಿ ಬಂದ ಸಂದೇಶವನ್ನು ಮನೆಯ ಪೆಟ್ಟಿಗೆಯು ಗಾಳಿಯಲ್ಲಿ ವೈಫೈ ಆಗಿ ಹರಡುತ್ತದೆ. ತಂತಿಯೋ, ಪೆಟ್ಟಿಗೆಯೋ, ಗಾಳಿಯೋ, ಎಲ್ಲಿ ಕಡಿಯಿತೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆಯೇ.

ಇದನ್ನು ಪೆಟ್ಟಿಗೆಯ ದೀಪಗಳೇ ಹೇಳುತ್ತವೆ. ಸಂಪರ್ಕ ಕಡಿದ ಕೂಡಲೇ ಸ್ವಿಚ್ ಆರಿಸದೆ ಮೊದಲು ದೀಪಗಳನ್ನು ನೋಡಿರಿ. ಪಿ.ಓ.ಎನ್. ಎಂಬ ದೀಪವು ಸ್ಥಿರವಾಗಿ ಹಸಿರಾಗಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿದೆ. ಎಲ್.ಓ.ಎಸ್. ಎಂಬುದು ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ದೋಷವು ತಂತಿಯ ಕಡೆಯದು. ಎಲ್ಲ ದೀಪಗಳೂ ಒಮ್ಮೆ ಆರಿ ಹೊತ್ತಿಕೊಂಡರೆ ವಿದ್ಯುತ್ತಿನ ತೊಂದರೆ. ದೀಪಗಳೆಲ್ಲ ಸರಿಯಿದ್ದು, ಪೆಟ್ಟಿಗೆಯ ಮಗ್ಗುಲಲ್ಲೇ ನಿಂತರೆ ಫೋನಿಗೆ ಸಂಪರ್ಕ ಸಿಕ್ಕಿ ಹಿತ್ತಲಿನಲ್ಲಿ ಸಿಗದಿದ್ದರೆ ಗಾಳಿಯ ಭಾಗದ್ದು. ಪೆಟ್ಟಿಗೆಯ ಬಳಿಯಲ್ಲೂ ಯಾವ ಫೋನಿಗೂ ಸಿಗದಿದ್ದರೆ ಸಂಸ್ಥೆಯ ಕಡೆಯ ದೋಷವಿರಬಹುದು. ತಿಂಗಳ ಹಣ ಕಟ್ಟಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಪೆಟ್ಟಿಗೆಯ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ತೂಗುಹಾಕಿ, ಕಡಿದ ದಿನ, ಗಂಟೆ, ದೀಪದ ಬಣ್ಣ, ಆಗ ಮಳೆ ಗಾಳಿ ಇತ್ತೇ, ಪಂಪ್‌ಸೆಟ್ ಓಡುತ್ತಿತ್ತೇ ಎಂಬುದನ್ನು ಒಂದು ವಾರ ಬರೆದಿಡಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ತಪ್ಪದೆ ಮಾಡುತ್ತಾರೆ. ಬ್ರಿಟನ್ನಿನ ವೇಲ್ಸ್ ಸೀಮೆಯ ಅಬರ್‌ಹೊಸಾನ್ ಎಂಬ ಸಣ್ಣ ಹಳ್ಳಿಯಲ್ಲಿ ಸುಮಾರು 18 ತಿಂಗಳ ಕಾಲ ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ಊರಿನ ಇಂಟರ್‌ನೆಟ್ ಕೆಡುತ್ತಿತ್ತು. ತಂತಿ ಬದಲಾಯಿಸಿದರೂ ಗುಣ ಕಾಣಲಿಲ್ಲ. ಕಡೆಗೆ 2020ರಲ್ಲಿ ಎಂಜಿನಿಯರುಗಳು ವಿದ್ಯುತ್ ಗದ್ದಲವನ್ನು ಅಳೆಯುವ ಉಪಕರಣ ಹಿಡಿದು ಬೆಳ್ಳಂಬೆಳಿಗ್ಗೆ ಊರು ಸುತ್ತಿದರು. ಒಂದು ಮನೆಯವರು ದಿನವೂ ಆ ಹೊತ್ತಿಗೆ ಹಚ್ಚುತ್ತಿದ್ದ ಹಳೆಯ ಟೀವಿಯೇ ಕಾರಣವೆಂದು ತಿಳಿಯಿತು! ಆ ಊರಿನದು ತಾಮ್ರದ ತಂತಿ. ಗಾಜಿನ ಎಳೆಗೆ ಇಂಥ ಗದ್ದಲ ತಾಗುವುದಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಬರುವ ದೋಷವನ್ನು ಆ ಹೊತ್ತಿನಲ್ಲೇ ಹುಡುಕಬೇಕೆಂಬುದು ನಮಗೂ ಸಲ್ಲುವ ಮಾತು.

ನಮ್ಮ ಹಳ್ಳಿಗಳಲ್ಲಿ ಮೊದಲು ಅನುಮಾನಿಸಬೇಕಾದುದು ವಿದ್ಯುತ್ತನ್ನು. ಮೋಟಾರು ಹಚ್ಚಿದ ಗಳಿಗೆಯಲ್ಲಿ ವೋಲ್ಟೇಜ್ ಕುಸಿದರೆ ಮನೆಯ ಬಲ್ಬು ಒಮ್ಮೆ ಮಂಕಾಗುವುದಷ್ಟೇ. ಪೆಟ್ಟಿಗೆಯಾದರೋ ಪೂರ್ತಿ ಆರಿ ಮತ್ತೆ ಮೊದಲಿನಿಂದ ಹೊರಡುತ್ತದೆ, ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಅದರ ಅಡಾಪ್ಟರ್ ಹಳೆಯದಾಗಿ ಸೊರಗಿದ್ದರಂತೂ ಸಣ್ಣ ಏರಿಳಿತಕ್ಕೂ ಹೀಗಾಗುತ್ತದೆ. ಹೊಸದನ್ನು ತರುವಾಗ ಹಳೆಯದರ ಮೇಲೆ ಬರೆದಿರುವಷ್ಟೇ ವೋಲ್ಟಿನದನ್ನು ತರತಕ್ಕದ್ದು. ಅನೇಕ ಪೆಟ್ಟಿಗೆಗಳಿಗೆ ಅದು 12 ವೋಲ್ಟ್. ಆಂಪಿಯರ್ ಅಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು, ಕಡಿಮೆ ಇರಕೂಡದು. ಪೆಟ್ಟಿಗೆಗೆಂದೇ ಸಣ್ಣ ಬ್ಯಾಟರಿಯ ಯುಪಿಎಸ್ ಸಿಗುತ್ತದೆ. ಅದು ಕೊಂಡ ಹಣಕ್ಕೆ ಮೋಸವಿಲ್ಲದ ವಸ್ತು. ಆದರೆ ಸಂಸ್ಥೆಯ ಯಂತ್ರವಿರುವ ಕಡೆಯಲ್ಲೂ ವಿದ್ಯುತ್ ಹೋಗಿ ಅಲ್ಲಿ ಬ್ಯಾಟರಿ ಇಲ್ಲದಿದ್ದರೆ ತಮ್ಮ ಬ್ಯಾಟರಿಯಿಂದ ಪ್ರಯೋಜನವಾಗದು. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸುವುದು, ಒಲೆಯ ಪಕ್ಕದ ಗೂಡಿನಲ್ಲಿಡುವುದು ಬೇಡ. ಅದಕ್ಕೂ ಗಾಳಿಯಾಡಬೇಕು.

ತಂತಿಯೊಳಗಿನ ಗಾಜಿನ ಎಳೆಯು ತಲೆಗೂದಲಿನಷ್ಟು ತೆಳ್ಳಗಿರುತ್ತದೆ. ವಿದ್ಯುತ್ ತಂತಿಯಂತೆ ಇದನ್ನು ಮಡಚಿ ಮೊಳೆಗೆ ಬಿಗಿಯುವವರಿದ್ದಾರೆ. ಎಳೆ ಮುರಿಯದಿದ್ದರೂ ಬಿಗಿಯಾದ ಬಾಗಿನಲ್ಲಿ ಬೆಳಕು ಸೋರಿಹೋಗುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿ ನಜ್ಜಿದರೂ ಹಾಗೆಯೇ. ಮಿಕ್ಕ ತಂತಿಯನ್ನು ಊಟದ ತಟ್ಟೆಯಗಲದ ಸುರುಳಿ ಮಾಡಿ ಸಡಿಲವಾಗಿ ತೂಗಬೇಕು. ಅಟ್ಟದ ಮೇಲೆ ಇಲಿ, ಹೊರಗೆ ಬೀಳುವ ತೆಂಗಿನ ಗರಿ, ನೀರಿಳಿದ ಜೋಡಣೆ ಇವನ್ನೂ ನೋಡಬೇಕು. ಗಾಳಿ ಬೀಸಿದಾಗಲೇ ಕಡಿಯುವುದಾದರೆ ಕಂಬದಿಂದ ಮನೆಗೆ ಬಂದ ತಂತಿಯು ಎಲ್ಲೋ ಉಜ್ಜುತ್ತಿದೆಯೆಂದು ಊಹಿಸಬಹುದು. ತಂತಿಯ ತುದಿಯನ್ನು ಕಿತ್ತು ಕಣ್ಣಿನ ಬಳಿ ಹಿಡಿದು ನೋಡಲೇಕೂಡದು. ಅದರಲ್ಲಿನ ಬೆಳಕು ಕಣ್ಣಿಗೆ ಕಾಣದಿದ್ದರೂ ಅದು ಲೇಸರ್ ಬೆಳಕು.

ರಿಪೇರಿಯವರು ಬಂದಾಗ, ಪೆಟ್ಟಿಗೆಗೆ ಬರುವ ಬೆಳಕಿನ ಬಲ ಎಷ್ಟೆಂದು ಅಳೆದು ತೋರಿಸಲು ಕೇಳಿರಿ. ಇದನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27ನ್ನು ಸಮೀಪಿಸಿದರೆ ಸಂಪರ್ಕವು ಅಂಚಿನಲ್ಲಿದೆ, ಎಂದು ಬೇಕಾದರೂ ಕಡಿದೀತು. ಈ ಅಳತೆಯಲ್ಲಿ 3 ಇಳಿದರೆ ಬೆಳಕು ಅರ್ಧಕ್ಕೆ ಇಳಿದಂತೆ. ಆ ಅಂಕಿಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿರಿ.

ವೈಫೈ ವಿಷಯ ಸುಲಭ. ದಪ್ಪ ಮಣ್ಣಿನ ಗೋಡೆ, ಕಬ್ಬಿಣದ ಬೀರು, ನೀರಿನ ತೊಟ್ಟಿ ಇವು ಅದನ್ನು ತಡೆಯುತ್ತವೆ. ಪೆಟ್ಟಿಗೆಯನ್ನು ಮನೆಯ ನಡುವೆ, ಆಳೆತ್ತರದಲ್ಲಿ ಇಡಿರಿ. ಅದು 5 ಗಿಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಎಂಬ ಎರಡು ಹೆಸರಿನಲ್ಲಿ ಕಾಣಿಸಿದರೆ, ದೂರಕ್ಕೂ ಗೋಡೆಯಾಚೆಗೂ 2.4ನ್ನೇ ಹಿಡಿಯಿರಿ. ಒತ್ತಾದ ಮನೆಗಳಿದ್ದರೆ ನೆರೆಯವರ ವೈಫೈ ಅಡ್ಡ ಬರುವುದುಂಟು. ಆಗ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಒಂದಕ್ಕೆ ಬದಲಾಯಿಸಿಸಿಕೊಳ್ಳಬೇಕು. ಕೊಟ್ಟಿಗೆಯವರೆಗೆ ಸಂಪರ್ಕ ಬೇಕಿದ್ದಲ್ಲಿ 100 ಮೀಟರಿನೊಳಗೆ ಲ್ಯಾನ್ ತಂತಿ ಎಳೆದು ಅಲ್ಲಿಗೆ ಇನ್ನೊಂದು ಪೆಟ್ಟಿಗೆ ಹಾಕಿಸಬಹುದು.

ದೂರು ಕೊಡುವಾಗ "ನೆಟ್ ಬರುತ್ತಿಲ್ಲ" ಎಂದಷ್ಟೇ ಹೇಳಬೇಡಿರಿ. "ಮೂರು ದಿನದಿಂದ ಸಂಜೆ 6ರ ಸುಮಾರಿಗೆ ಎಲ್.ಓ.ಎಸ್. ದೀಪ ಕೆಂಪಾಗುತ್ತದೆ, ಹತ್ತು ನಿಮಿಷದ ಮೇಲೆ ತಾನೇ ಸರಿಹೋಗುತ್ತದೆ" ಎಂದು ಪುಸ್ತಕ ನೋಡಿ ಹೇಳಿದರೆ, ಯಾವ ಸಾಮಾನು ಹಿಡಿದು ಬರಬೇಕೆಂದು ಅವರಿಗೂ ತಿಳಿಯುತ್ತದೆ. ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳತಕ್ಕದ್ದು. ಪೆಟ್ಟಿಗೆಯ ಹಿಂಬದಿಯ ಸೂಜಿತೂತಿನ ರೀಸೆಟ್ ಗುಂಡಿಯನ್ನು ಮಾತ್ರ ಯಾರೂ ಒತ್ತಬಾರದು. ಸಂಸ್ಥೆಯವರು ತುಂಬಿಟ್ಟ ವಿವರಗಳೆಲ್ಲ ಅಳಿಸಿಹೋಗಿ, ಅವರು ಬಂದು ಮತ್ತೆ ತುಂಬುವವರೆಗೆ ಸಂಪರ್ಕವೇ ಇರುವುದಿಲ್ಲ.